ಮಕ್ಕಳಿಗೆ ಖಿನ್ನತೆಯ ಮಾತ್ರೆ: ಮೊದಲ ನಾಲ್ಕು ವಾರ ಕಣ್ಣು ತಪ್ಪಬಾರದು

ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಬರೆದ ಪತ್ರಗಳಲ್ಲಿ ಈ ಸಲ ಒಂದೇ ಆತಂಕ ಮತ್ತೆ ಮತ್ತೆ ಕಾಣಿಸಿತು: ಹದಿಹರೆಯದ ಮಗುವಿಗೆ ಮನೋವೈದ್ಯರು ಮಾತ್ರೆ ಬರೆದಿದ್ದಾರೆ, ಕೊಡಬಹುದೇ? ಹಾಗಾಗಿ ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಬರೆದವರ ಹೆಸರು, ಮನೆತನದ ಗುರುತು ಕೊಟ್ಟಿಲ್ಲ.

ಪ್ರಶ್ನೆ: ಮಗಳಿಗೆ ಹದಿನಾರು, ಪ್ಲಸ್ ವನ್ ಓದುತ್ತಿದ್ದಾಳೆ. ಎರಡು ತಿಂಗಳಿಂದ ಊಟ ಬಿಟ್ಟು, ಶಾಲೆಗೂ ಹೋಗದೆ ಮಲಗಿಯೇ ಇದ್ದಳು. ಮಂಗಳೂರಿಗೆ ಕರೆದುಕೊಂಡು ಹೋದೆವು. ಫ್ಲುವಾಕ್ಸೆಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ, ಈ ಮದ್ದಿನಿಂದ ಮಕ್ಕಳಲ್ಲಿ ಸಾಯುವ ಯೋಚನೆ ಹೆಚ್ಚುತ್ತದೆ ಎಂದಿದೆ. ಮದ್ದನ್ನು ಕಪಾಟಿನಲ್ಲಿಟ್ಟಿದ್ದೇನೆ, ಕೊಡಲು ಕೈ ಬರುತ್ತಿಲ್ಲ. ಏನು ಮಾಡಲಿ? (ಒಬ್ಬ ತಾಯಿ, ಬದಿಯಡ್ಕ)

ಉತ್ತರ: ಅಮ್ಮಾ, ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತು, ಉಳಿದರ್ಧವನ್ನೂ ಕೇಳಿ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರ ಅಕ್ಟೋಬರಿನಲ್ಲಿ, ಖಿನ್ನತೆಯ ಎಲ್ಲ ಮದ್ದುಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ (ಮದ್ದಿನ ಮಾಹಿತಿ ಪತ್ರದಲ್ಲಿ ಹಾಕುವ ಅತಿ ಗಂಭೀರ ಎಚ್ಚರಿಕೆ) ಹಾಕಿಸಿತು. ಅದಕ್ಕೆ ಆಧಾರವಾದದ್ದು 24 ಪ್ರಯೋಗಗಳ ಲೆಕ್ಕ. ಅವುಗಳಲ್ಲಿ 4,400ಕ್ಕೂ ಹೆಚ್ಚು ಮಕ್ಕಳು, ಹದಿಹರೆಯದವರು ಇದ್ದರು. ಮದ್ದಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ನೂರಕ್ಕೆ ಸುಮಾರು 2 ಮಂದಿಯಲ್ಲಿ ಸಾಯುವ ಯೋಚನೆಯೋ ಆ ತರದ ವರ್ತನೆಯೋ ಕಂಡಿತ್ತು. ನಿಜವಾದ ಮದ್ದು ತಿಂದವರಲ್ಲಿ ಅದು ನೂರಕ್ಕೆ ಸುಮಾರು 4. ಆ ಪ್ರಯೋಗಗಳಲ್ಲಿ ಯಾವ ಮಗುವೂ ಪ್ರಾಣ ಕಳೆದುಕೊಳ್ಳಲಿಲ್ಲ. 2007ರಲ್ಲಿ ಈ ಎಚ್ಚರಿಕೆಯನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಿದರು. ಅಂದರೆ ಅಪಾಯ ಇದೆ, ಚಿಕ್ಕದು, ಆದರೆ ನಿಜವಾದದ್ದು. ಹೆಚ್ಚಾಗಿ ಅದು ಮದ್ದು ಶುರುವಾದ ಮೊದಲ ವಾರಗಳಲ್ಲಿ, ಮತ್ತೆ ಪ್ರಮಾಣ ಏರಿಸುವಾಗ, ಇಳಿಸುವಾಗ ತಲೆಯೆತ್ತುತ್ತದೆ.

ಇನ್ನೊಂದು ಕಡೆ ನೋಡಿ. ಮದ್ದು ಕೊಡದ ತೀವ್ರ ಖಿನ್ನತೆಯಲ್ಲೂ ಅದೇ ಅಪಾಯ ಇದೆ, ಅದಕ್ಕೆ ಎಚ್ಚರಿಕೆಯ ಚೌಕಟ್ಟು ಹಾಕುವವರಿಲ್ಲ, ಅಷ್ಟೆ. 2004ರಲ್ಲೇ ಪ್ರಕಟವಾದ ಒಂದು ದೊಡ್ಡ ಅಧ್ಯಯನ 12ರಿಂದ 17 ವರ್ಷದ 439 ಮಕ್ಕಳನ್ನು ಹನ್ನೆರಡು ವಾರ ನೋಡಿತು. ಫ್ಲುವಾಕ್ಸೆಟಿನ್ ಜೊತೆ ಮಾತಿನ ಚಿಕಿತ್ಸೆಯನ್ನೂ ಕೊಟ್ಟಾಗ ನೂರಕ್ಕೆ 71 ಮಂದಿ ಚೇತರಿಸಿಕೊಂಡರು. ಮದ್ದು ಮಾತ್ರ ಆದರೆ 61, ಮಾತಿನ ಚಿಕಿತ್ಸೆ ಮಾತ್ರ ಆದರೆ 43, ಹುಸಿ ಮಾತ್ರೆಯಲ್ಲಿ 35. ಊಟ, ಶಾಲೆ ಎರಡನ್ನೂ ಬಿಟ್ಟು ಮಲಗಿದ ಮಗುವಿನ ಮಟ್ಟಿಗೆ ಈ ಅಂತರ ಚಿಕ್ಕದಲ್ಲ. ಖಿನ್ನತೆಯ ಮದ್ದುಗಳಲ್ಲಿ ಮಕ್ಕಳ ಮಟ್ಟಿಗೆ ಅತಿ ಹೆಚ್ಚು ಪುರಾವೆ ಇರುವುದು ಫ್ಲುವಾಕ್ಸೆಟಿನ್‌ಗೆ. ಅಮೆರಿಕದಲ್ಲಿ ಅದಕ್ಕೆ 8 ವರ್ಷದಿಂದ ಮೇಲಿನವರಿಗೆ ಒಪ್ಪಿಗೆ ಇದೆ, ಎಸ್ಸಿಟಲೋಪ್ರಾಮ್‌ಗೆ 12ರಿಂದ ಮೇಲಿನವರಿಗೆ. ನಿಮ್ಮ ವೈದ್ಯರು ಆರಿಸಿದ ಮದ್ದೂ ಸರಿ, ಹತ್ತು ಮಿಲಿಗ್ರಾಂನಿಂದ ಶುರುಮಾಡಿದ್ದೂ ಸರಿ.

ಸರಿಯಿಲ್ಲದ್ದು ಒಂದೇ ಇರಬಹುದು: ಮುಂದಿನ ಭೇಟಿ ಯಾವಾಗ ಎಂದು ನೀವು ಬರೆದಿಲ್ಲ. "ಒಂದು ತಿಂಗಳು ಬಿಟ್ಟು ಬನ್ನಿ" ಎಂದಿದ್ದರೆ ಅದು ಸಾಲದು. ಅಮೆರಿಕದ ಅದೇ ಸಂಸ್ಥೆ 2004ರಲ್ಲಿ ಸೂಚಿಸಿದ ಕ್ರಮ ಹೀಗಿತ್ತು: ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಭೇಟಿ, ಮುಂದಿನ ನಾಲ್ಕು ವಾರ ಎರಡು ವಾರಕ್ಕೊಮ್ಮೆ, ಆಮೇಲೆ ಹನ್ನೆರಡನೇ ವಾರದಲ್ಲಿ ಒಮ್ಮೆ. ಪ್ರತಿ ವಾರ ತಲಪಾಡಿ ಗಡಿ ದಾಟಿ ಹೋಗುವುದು ಕಷ್ಟವೆಂದು ನಮಗೆ ಗೊತ್ತು. ಆಗ ವೈದ್ಯರ ಬಳಿ ಒಪ್ಪಂದ ಮಾಡಿಕೊಳ್ಳಿ: ಒಂದು ವಾರ ಅಲ್ಲಿಗೆ, ಇನ್ನೊಂದು ವಾರ ಫೋನಿನಲ್ಲಿ, ನಡುವೆ ಹತ್ತಿರದ ಸರಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ. ಎರಡೂ ಕಡೆ ತೋರಿಸುವುದಾದರೆ ಚೀಟಿ ಮಾತ್ರ ಒಂದೇ ಇರಲಿ. ಇಲ್ಲಿ ಒಂದು, ಅಲ್ಲಿ ಒಂದು ಎಂದು ಎರಡು ಮಾತ್ರೆ ಸೇರಿಹೋಗುವ ಗಂಡಾಂತರ ಗಡಿನಾಡಿನಲ್ಲಿ ಇದ್ದೇ ಇದೆ.

ಇನ್ನು ಮನೆಯಲ್ಲಿ ಮಾಡಬೇಕಾದ್ದು. ಮಾತ್ರೆ ಬೆಳಗ್ಗೆ ತಿಂಡಿಯಾದ ಮೇಲೆ ಕೊಡಿ, ರಾತ್ರಿ ಕೊಟ್ಟರೆ ನಿದ್ದೆ ಕೆಡಬಹುದು. ಸ್ಟ್ರಿಪ್ ನಿಮ್ಮ ಕೈಯಲ್ಲಿರಲಿ, ಬೀಗ ಹಾಕಿದ ಜಾಗದಲ್ಲಿ. ದಿನಕ್ಕೆ ಒಂದೇ ಬಿಡಿಸಿ ಕೊಡಿ, ನುಂಗಿದ್ದನ್ನು ನೋಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ. ಮೆಡಿಕಲ್ ಶಾಪಿನಲ್ಲಿ ಪ್ರತಿ ಸಲ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ಚೀಟಿಯೊಂದಿಗೆ ತಾಳೆ ನೋಡಿ. ಹತ್ತರ ಬದಲು ಇಪ್ಪತ್ತು ಬರುವುದುಂಟು. ಫ್ಲುವಾಕ್ಸೆಟಿನ್, ಫ್ಲುವಾಕ್ಸಮಿನ್, ಪಾರಾಕ್ಸೆಟಿನ್, ಡುಲಾಕ್ಸೆಟಿನ್ ಹೆಸರುಗಳು ಕಿವಿಗೆ ಒಂದೇ ಹಾಗೆ ಕೇಳುತ್ತವೆ, ಮದ್ದುಗಳು ಬೇರೆ ಬೇರೆ. ತೋಟಕ್ಕೆ ಹೊಡೆಯುವ ವಿಷ, ಇಲಿ ಪಾಷಾಣ, ಅಜ್ಜಿಯ ಬಿಪಿ ಮಾತ್ರೆ, ಎಲ್ಲವೂ ಈ ಮೂರು ತಿಂಗಳಾದರೂ ಬೀಗದೊಳಗೆ ಹೋಗಲಿ. ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟದ್ದನ್ನೂ ಮರೆಯಬೇಡಿ.

ಒಂದು ನೋಟ್ ಪುಸ್ತಕ ಇಡಿ. ಎಷ್ಟು ಗಂಟೆ ಮಲಗಿದಳು, ಎಷ್ಟು ಉಂಡಳು, ಸಿಡುಕು ಹೇಗಿತ್ತು, ಚಡಪಡಿಕೆ ಇತ್ತೇ: ದಿನಕ್ಕೆ ಒಂದು ಸಾಲು ಸಾಕು. ಇವುಗಳಲ್ಲಿ ಅತಿ ಮುಖ್ಯವಾದದ್ದು ಚಡಪಡಿಕೆ. ಮನಸ್ಸಿನ ಭಾರ ಇಳಿಯಲು ನಾಲ್ಕರಿಂದ ಆರು ವಾರ ಬೇಕು, ಮೈಯ ಚುರುಕು ಕೆಲವೊಮ್ಮೆ ಅದಕ್ಕಿಂತ ಮೊದಲೇ ಬರುತ್ತದೆ. ಮಗು ಒಂದು ಕಡೆ ಕೂರುವುದಿಲ್ಲ, ಜಗಲಿಯಿಂದ ಒಳಗೆ, ಒಳಗಿನಿಂದ ಅಂಗಳಕ್ಕೆ ನಡೆಯುತ್ತಲೇ ಇರುತ್ತದೆ, ಕಾಲು ಅಲ್ಲಾಡಿಸುತ್ತಿರುತ್ತದೆ. "ಮೈಯೊಳಗೆ ಏನೋ ಹರಿದ ಹಾಗೆ ಆಗ್ತದೆ" ಎನ್ನಬಹುದು. ಇದನ್ನು "ಸ್ವಲ್ಪ ಲವಲವಿಕೆ ಬಂತು" ಎಂದುಕೊಳ್ಳಬೇಡಿ. ಮನಸ್ಸು ಇನ್ನೂ ಕತ್ತಲಲ್ಲೇ ಇದ್ದು ಮೈ ಮಾತ್ರ ಸುಮ್ಮನಿರಲಾಗದ ಈ ಸ್ಥಿತಿಯೇ ಅಪಾಯಕಾರಿ. ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಹೆಚ್ಚಾಗಿ ಪ್ರಮಾಣ ಇಳಿಸಿದರೆ ಅಥವಾ ಮದ್ದು ಬದಲಿಸಿದರೆ ಇದು ಸರಿಹೋಗುತ್ತದೆ.

ಅವಳು ಮನೆಯಲ್ಲಿ ತುಳುವಲ್ಲಿ ಹೇಳಿದ್ದರೆ ತುಳುವಲ್ಲೇ, ಹವ್ಯಕದಲ್ಲಿ ಹೇಳಿದ್ದರೆ ಹಾಗೆಯೇ ಬರೆದಿಡಿ. ವೈದ್ಯರ ಮುಂದೆ ಅದನ್ನು ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿಸುವಾಗ "ಟೆನ್ಶನ್" ಎಂಬ ಒಂದೇ ಶಬ್ದಕ್ಕೆ ಇಳಿಸಿದರೆ ಬೇಕಾದ ಸುಳಿವೇ ಕಳೆದುಹೋಗುತ್ತದೆ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. "ಇದ್ದು ಏನು ಪ್ರಯೋಜನ ಎಂದು ಅನಿಸ್ತದಾ ಮಗಳೇ? ಏನಾದರೂ ಮಾಡಿಕೊಳ್ಳಬೇಕು ಅಂತ ಅನಿಸಿತ್ತಾ?" ಎಂದು, ಬೈಗುಳವಿಲ್ಲದೆ, ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಕೇಳಿ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿ. ರಾತ್ರಿ ಹೊತ್ತಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಭಾಷೆ ಆರಿಸಿಕೊಳ್ಳಬಹುದು. ಕೇರಳದ ದಿಶಾ ಸಹಾಯವಾಣಿ 1056. ಜೀವಕ್ಕೆ ಅಪಾಯ ಎನಿಸಿದರೆ 108, ಇಲ್ಲವೇ ನೇರ ತುರ್ತು ವಿಭಾಗಕ್ಕೆ.

ಮದ್ದು ಕಪಾಟಿನಲ್ಲಿದೆ ಎಂದು ವೈದ್ಯರಿಗೆ ಹೇಳಿ, ಭೇಟಿಯ ದಿನಗಳನ್ನು ಗೊತ್ತುಮಾಡಿಕೊಂಡು ಶುರುಮಾಡಿ.

ಪ್ರಶ್ನೆ: ಮಗ ಪ್ಲಸ್ ಟು. ಐದು ತಿಂಗಳಿಂದ ಎಸ್ಸಿಟಲೋಪ್ರಾಮ್ 10 ತೆಗೆದುಕೊಳ್ಳುತ್ತಿದ್ದ, ಗುಣವೂ ಆಗಿತ್ತು. ಪರೀಕ್ಷೆಗೆ ತೂಕಡಿಕೆ ಬೇಡವೆಂದು ನಾವೇ ನಿಲ್ಲಿಸಿದೆವು. ಮೂರನೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಹಾಗೆ, ವಾಕರಿಕೆ, ವಿನಾಕಾರಣ ಅಳು. ಮದ್ದು ಚಟವಾಗಿದೆಯೇ? (ತಂದೆ, ಕುಂಬಳೆ)

ಉತ್ತರ: ಚಟವಲ್ಲ. ಚಟದಲ್ಲಿ ಇನ್ನಷ್ಟು ಬೇಕೆಂಬ ಸೆಳೆತ ಇರುತ್ತದೆ, ಪ್ರಮಾಣ ತಾನಾಗಿ ಏರುತ್ತ ಹೋಗುತ್ತದೆ. ನಿಮ್ಮ ಮಗನಿಗೆ ಎರಡೂ ಇಲ್ಲ. ಮದ್ದಿಗೆ ಹೊಂದಿಕೊಂಡಿದ್ದ ಮಿದುಳಿನಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡದ್ದರ ಫಲ ಇದು.

ಎಸ್ಸಿಟಲೋಪ್ರಾಮ್ ಸುಮಾರು 30 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಪಾರಾಕ್ಸೆಟಿನ್ ಇನ್ನೂ ಬೇಗ, ಸುಮಾರು 21 ಗಂಟೆಯಲ್ಲಿ. ಫ್ಲುವಾಕ್ಸೆಟಿನ್‌ಗೆ ದಿನಗಳೇ ಬೇಕು, ಅದು ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಅದಕ್ಕೇ ಪಾರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಹಠಾತ್ ಬಿಟ್ಟವರಿಗೆ ಈ ಕಾಟ ಹೆಚ್ಚು. (ಹದಿನೆಂಟರ ಒಳಗಿನವರ ಖಿನ್ನತೆಗೆ ಪಾರಾಕ್ಸೆಟಿನ್ ಕೊಡಬಾರದೆಂದು ಬ್ರಿಟನ್ 2003ರ ಜೂನಿನಲ್ಲೇ ಹೇಳಿತು. ನಿಮ್ಮ ಮಗುವಿಗೆ ಅದನ್ನು ಬರೆದಿದ್ದರೆ ಏಕೆಂದು ವೈದ್ಯರನ್ನು ಕೇಳಿ. ಕೇಳುವುದು ಅವಮಾನವಲ್ಲ.)

ನಿಲ್ಲಿಸಿದ ಎರಡು–ನಾಲ್ಕು ದಿನದಲ್ಲಿ ತಲೆಸುತ್ತು, ಕರೆಂಟಿನ ಅನುಭವ ಬಂದರೆ ಅದು ಮದ್ದು ಬಿಟ್ಟ ಲಕ್ಷಣ. ವಾರಗಳ ಮೇಲೆ ಉತ್ಸಾಹ ಮೆಲ್ಲ ಮೆಲ್ಲ ಇಳಿಯುತ್ತ ಬಂದು, ಹಳೆಯ ಯೋಚನೆಗಳು ಮರಳಿದರೆ ಕಾಯಿಲೆಯೇ ತಿರುಗಿ ಬಂದದ್ದು. ನಿಮ್ಮ ಮಗನದು ಮೊದಲನೆಯದು. ಇಂದೇ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಬಿಟ್ಟು ಕೆಲವೇ ದಿನ ಆಗಿದ್ದರೆ ಹೆಚ್ಚಾಗಿ ಮದ್ದನ್ನು ಮರಳಿ ಶುರುಮಾಡಿಸಿ, ಪರೀಕ್ಷೆ ಮುಗಿದ ಮೇಲೆ ಮೆಲ್ಲ ಇಳಿಸುತ್ತಾರೆ. ಇಳಿಸುವುದು ವಾರಗಳ ಲೆಕ್ಕ: 10ರಿಂದ 5ಕ್ಕೆ, ಅಲ್ಲಿ ಎರಡರಿಂದ ನಾಲ್ಕು ವಾರ, ಆಮೇಲೆ ಮಗುವಿನ ಸ್ಥಿತಿ ನೋಡಿ ಮುಂದಿನ ಹೆಜ್ಜೆ. ದಿನ ಬಿಟ್ಟು ದಿನ ಕೊಡುವುದು ಇಳಿಸುವ ದಾರಿಯಲ್ಲ, ರಕ್ತದಲ್ಲಿ ಮದ್ದು ಏರಿಳಿದು ಕಾಟ ಹೆಚ್ಚುತ್ತದೆ.

ಗುಣವಾದ ಮೇಲೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸುವುದು ವಾಡಿಕೆ, ಇಲ್ಲವಾದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ತೂಕಡಿಕೆಯೇ ತೊಂದರೆಯಾದರೆ ಹೊತ್ತು ಬದಲಿಸಬಹುದು. ಇನ್ನೊಂದು ಮಾತು: ಮಳೆಗೆ ರಸ್ತೆ ಮುಚ್ಚಿತು, ಮದ್ದು ಮಂಗಳೂರಲ್ಲೇ ಸಿಗುವುದು ಎಂಬ ಕಾರಣಕ್ಕೂ ಮದ್ದು ತಪ್ಪುತ್ತದೆ. ಸ್ಟ್ರಿಪ್‌ನಲ್ಲಿ ಏಳು ಮಾತ್ರೆ ಉಳಿದಾಗಲೇ ಹೊಸದನ್ನು ತನ್ನಿ.

ಪ್ರಶ್ನೆ: ಎಂಟು ವರ್ಷದ ಮಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಇಮಿಪ್ರಮಿನ್ 25 ಕೊಟ್ಟಿದ್ದಾರೆ. ಇದೂ ಖಿನ್ನತೆಯ ಮಾತ್ರೆಯಂತೆ. ಮನೆಯಲ್ಲಿ ಎರಡು ವರ್ಷದ ತಂಗಿಯೂ ಇದ್ದಾಳೆ. (ಪೆರ್ಲ)

ಉತ್ತರ: ಹೌದು, ಹಳೆಯ ಗುಂಪಿನ ಮದ್ದು. ಹಾಸಿಗೆ ಒದ್ದೆಯಾಗುವುದಕ್ಕೆ ಇದು ಮೊದಲ ಆಯ್ಕೆಯಲ್ಲ. ರಾತ್ರಿ ನೀರು ಕಡಿಮೆ ಮಾಡುವುದು, ಮಲಗುವ ಮುಂಚೆ ಮೂತ್ರ ಮಾಡಿಸುವುದು, ಮಲಬದ್ಧತೆ ಇದ್ದರೆ ಸರಿಪಡಿಸುವುದು, ಒದ್ದೆಯಾದೊಡನೆ ಎಬ್ಬಿಸುವ ಅಲಾರಂ, ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಮದ್ದು: ಇವೆಲ್ಲ ಆದ ಮೇಲೆ ಇಮಿಪ್ರಮಿನ್. ಇವನ್ನೆಲ್ಲ ನೋಡಿದ್ದೀರಾ ಎಂದು ವೈದ್ಯರನ್ನು ಕೇಳಿ. ಕೊಡುವುದೇ ಆದರೆ ಆರು ವರ್ಷದೊಳಗಿನವರಿಗೆ ಇಲ್ಲ. ಹನ್ನೆರಡರೊಳಗೆ ಮಲಗುವ ಒಂದು ಗಂಟೆ ಮೊದಲು 25, ಹೆಚ್ಚೆಂದರೆ 50 ಮಿಲಿಗ್ರಾಂ, ಮಗುವಿನ ತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ ದಾಟಬಾರದು. 18 ಕಿಲೋ ತೂಗುವ ಮಗುವಿಗೆ ಮಿತಿ 45 ಆಗುತ್ತದೆ, 50 ಅಲ್ಲ. ಮನೆತನದಲ್ಲಿ ಚಿಕ್ಕ ಪ್ರಾಯದಲ್ಲಿ ಹಠಾತ್ ಸತ್ತವರಿದ್ದರೆ, ಮಗು ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಅದನ್ನು ಹೇಳಿ, ಇಸಿಜಿ ಆಗಲಿ.

ನಮ್ಮ ನಿಜವಾದ ಭಯ ತಂಗಿಯ ಬಗ್ಗೆ. ಈ ಗುಂಪಿನ ಮಾತ್ರೆ ಹೆಚ್ಚಾದರೆ ಹೃದಯದ ಲಯ ಕೆಡಿಸುತ್ತದೆ, ಫಿಟ್ಸ್ ತರಿಸುತ್ತದೆ. ಎರಡು ವರ್ಷದ ಮಗುವಿಗೆ ಕೆಲವೇ ಮಾತ್ರೆಗಳು ಜೀವಕ್ಕೆ ಸಂಚಕಾರ. ಮೇಲೆ ಬಣ್ಣದ ಲೇಪ, ನೋಡಲು ಮಿಠಾಯಿ. ಅಜ್ಜಿಯ ನರನೋವಿಗೋ ಅಮ್ಮನ ತಲೆನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಗುಂಪು, ಅದು ಸಾಮಾನ್ಯವಾಗಿ ತಲೆದಿಂಬಿನ ಅಡಿಯಲ್ಲೇ ಇರುತ್ತದೆ. ಮಗು ನುಂಗಿದೆ ಎಂಬ ಸಂಶಯ ಬಂದರೂ ಸಾಕು, ಸ್ಟ್ರಿಪ್ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಉಪ್ಪುನೀರು ಕುಡಿಸಬೇಡಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. "ಆಡ್ತಾ ಇದ್ದಾಳಲ್ಲ, ನೋಡೋಣ" ಎಂದು ಕಾಯಬೇಡಿ. ಮೊದಲ ಆರು ಗಂಟೆಯೊಳಗೆ ಸ್ಥಿತಿ ಒಮ್ಮೆಲೇ ಕುಸಿಯಬಹುದು.

ಪ್ರಶ್ನೆ: ಮಗಳು ಸರ್ಟ್ರಲಿನ್ 50 (ಇದೂ ಖಿನ್ನತೆಯ ಮಾತ್ರೆ) ತೆಗೆದುಕೊಳ್ಳುತ್ತಾಳೆ. ಮಳೆಗಾಲದಲ್ಲಿ ಜ್ವರ, ಕೆಮ್ಮು ಬಂದೇ ಬರುತ್ತದೆ, ನಮ್ಮಲ್ಲಿ ಡೆಂಗ್ಯೂ ಬೇರೆ. ಯಾವ ಮದ್ದು ಜೊತೆಗೆ ಕೊಡಬಾರದು? (ಮುಳ್ಳೇರಿಯ)

ಉತ್ತರ: ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್, ಮುಟ್ಟಿನ ನೋವಿಗೆ ತಿನ್ನುವ ಮೆಫೆನಾಮಿಕ್ ಆಸಿಡ್, ಇವು ಸರ್ಟ್ರಲಿನ್ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳಿಗೆ ಸೆರೊಟೋನಿನ್ ಎಂಬ ರಾಸಾಯನಿಕ ಬೇಕು, ಈ ಮದ್ದು ಅದನ್ನು ಅವುಗಳೊಳಗೆ ಸೇರಲು ಬಿಡುವುದಿಲ್ಲ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ. ಹಾಗಾಗಿ ಜ್ವರಕ್ಕೆ ತೋರಿಸುವಾಗ ಸರ್ಟ್ರಲಿನ್ ಸ್ಟ್ರಿಪ್ಪನ್ನೂ ಮೇಜಿನ ಮೇಲಿಡಿ. ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ವಸಡಿನಲ್ಲಿ ರಕ್ತ, ಮುಟ್ಟಿನ ಸ್ರಾವ ಹೆಚ್ಚುವುದು, ಕಪ್ಪು ಮಲ ಕಂಡರೆ ತಡಮಾಡಬೇಡಿ.

ಕೆಮ್ಮಿನ ಸಿರಪ್ಪಿನಲ್ಲಿ ಡೆಕ್ಸ್ಟ್ರೋಮೆಥಾರ್ಫಾನ್ ಇದೆಯೇ ನೋಡಿ, ಇದ್ದರೆ ಬೇಡ. ನೋವಿಗೆ ಟ್ರಮಡಾಲ್, ಸೋಂಕಿಗೆ ಲಿನೆಜೋಲಿಡ್ ಸಹ ಜೊತೆಯಾಗಬಾರದ ಮದ್ದುಗಳು. ಸೇರಿದರೆ ಮೈಯಲ್ಲಿ ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಭೇದಿ, ಕಾಲು ತಾನಾಗಿ ಅದುರುವುದು, ಏರುವ ಜ್ವರ, ಗಲಿಬಿಲಿ ಬರುತ್ತದೆ. ಡೆಂಗ್ಯೂ ಜ್ವರವೆಂದೇ ಇದನ್ನು ತಪ್ಪಾಗಿ ತಿಳಿಯುವ ಸಂಭವವಿದೆ. ಹೊಸ ಮದ್ದು ಶುರುವಾದ ಕೆಲವೇ ಗಂಟೆಗಳಲ್ಲಿ ಹೀಗಾದರೆ ಎರಡನ್ನೂ ನಿಲ್ಲಿಸಿ ತುರ್ತು ವಿಭಾಗಕ್ಕೆ ಹೋಗಿ. ಫ್ಲುವಾಕ್ಸೆಟಿನ್ ತಿನ್ನುತ್ತಿದ್ದವರಾದರೆ ಬಿಟ್ಟು ಐದು ವಾರದವರೆಗೂ ಈ ಮಾತು ನೆನಪಿರಲಿ. ಅರಿಷ್ಟ, ಆಸವಗಳಲ್ಲಿ ಹುಳಿಯುವಿಕೆಯಿಂದ ಬಂದ ಮದ್ಯಾಂಶ ಇರುತ್ತದೆ, ಮಕ್ಕಳಿಗೆ ಈ ಮದ್ದಿನೊಂದಿಗೆ ಅದೂ ಬೇಡ.

ಪ್ರಶ್ನೆ: ಹದಿನೈದರ ಹುಡುಗ. ಮಾತ್ರೆ ಶುರುವಾಗಿ ಮೂರು ವಾರ. ಮಂಕಾಗಿದ್ದವನು ಈಗ ರಾತ್ರಿ ಮೂರೇ ಗಂಟೆ ಮಲಗಿ ಬೆಳಗ್ಗೆ ನಾಲ್ಕಕ್ಕೆ ತೋಟ ಸುತ್ತುತ್ತಾನೆ, ಬಾಯಿ ಮುಚ್ಚದೆ ಮಾತಾಡುತ್ತಾನೆ, ದೊಡ್ಡ ದೊಡ್ಡ ವ್ಯಾಪಾರದ ಯೋಚನೆ. ಮನೆಯವರಿಗೆಲ್ಲ ಸಂತೋಷ. ನನಗೇಕೋ ಹೆದರಿಕೆ. ನಮ್ಮ ದೊಡ್ಡಪ್ಪನಿಗೆ ಹಿಂದೆ ಹೀಗೇ ಆಗಿತ್ತು. (ಅಕ್ಕ, ಮಂಜೇಶ್ವರ)

ಉತ್ತರ: ನಿಮ್ಮ ಹೆದರಿಕೆ ಸರಿ. ಇದು ಉನ್ಮಾದದ, ಅಂದರೆ ಮಿತಿಮೀರಿದ ಉತ್ಸಾಹದ ಕಾಯಿಲೆಯ, ಕಡೆ ತಿರುಗಿದ ಲಕ್ಷಣ. ಖಿನ್ನತೆ, ಉನ್ಮಾದ ಎರಡೂ ಸರದಿಯಲ್ಲಿ ಬರುವ ಕಾಯಿಲೆ ಮೊದಲು ಖಿನ್ನತೆಯಾಗಿ ಕಾಣಿಸಿಕೊಳ್ಳುವುದುಂಟು, ಆಗ ಬರಿಯ ಖಿನ್ನತೆಯ ಮಾತ್ರೆ ಕೊಟ್ಟರೆ ಹೀಗಾಗಬಹುದು. ಮೊದಲ ಉತ್ತರದಲ್ಲಿ ಹೇಳಿದ ಚಡಪಡಿಕೆಯ ಮಗುವಿಗೆ ನಿದ್ದೆ ಬಾರದೆ ದಣಿವು ಇರುತ್ತದೆ. ಇವನಿಗೆ ನಿದ್ದೆಯೇ ಬೇಡ, ದಣಿವೂ ಇಲ್ಲ. ನಾಳೆಯವರೆಗೆ ಕಾಯದೆ ಇಂದೇ ವೈದ್ಯರನ್ನು ಕಾಣಿ, ಮುಂದಿನ ಮಾತ್ರೆ ಕೊಡುವ ಮೊದಲು ಅವರನ್ನು ಕೇಳಿ. ದೊಡ್ಡಪ್ಪನ ವಿಷಯ ಮೊದಲ ಮಾತಾಗಿ ಹೇಳಿ. ಸಂಬಂಧ ಕೇಳಿ ಬರುವವರಿಗೆ ಗೊತ್ತಾದೀತೆಂದು ಮನೆಗಳಲ್ಲಿ ಇದನ್ನೇ ಮುಚ್ಚುತ್ತಾರೆ, ವೈದ್ಯರಿಗೆ ಬೇಕಾದದ್ದೂ ಇದೇ. ಸೈಕಲ್, ಬೈಕಿನ ಕೀಲಿ, ಹಣ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ತರಗತಿಯ ಒಬ್ಬ ಹುಡುಗಿ ಈ ಮದ್ದಿನಲ್ಲಿದ್ದಾಳೆಂದು ತಾಯಿ ಹೇಳಿದ್ದಾರೆ. ನನ್ನ ಪಾಲಿನ ಕೆಲಸವೇನು?

ಉತ್ತರ: ಮೊದಲು, ಸ್ಟಾಫ್ ರೂಮಿನಲ್ಲಿ ಆ ಮಾತು ಬೇಡ. ಮಾತ್ರೆಯನ್ನು ಶಾಲೆಯಲ್ಲಿ ಕೊಡುವ ಅಗತ್ಯವಿಲ್ಲ, ದಿನಕ್ಕೊಂದಾದ್ದರಿಂದ ಮನೆಯಲ್ಲೇ ಮುಗಿಯಲಿ, ಚೀಲದಲ್ಲಿ ಸ್ಟ್ರಿಪ್ ಬರದಿರಲಿ. ಮೊದಲ ತಿಂಗಳಲ್ಲಿ ಬೆಂಚಿನಲ್ಲಿ ಕೂರಲಾಗದಿರುವುದು, ಹಠಾತ್ ಸಿಟ್ಟು, ವಸ್ತುಗಳನ್ನು ಗೆಳತಿಯರಿಗೆ ಕೊಟ್ಟುಬಿಡುವುದು, ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ವಿದಾಯದ ಮಾತು ಕಂಡರೆ ಸಂಜೆಯವರೆಗೆ ಕಾಯದೆ ತಾಯಿಗೆ ಫೋನ್ ಮಾಡಿ, ಅವರು ಬರುವ ತನಕ ಜೊತೆಗಿರಿ. ಶಾಲೆಯ ಕೌನ್ಸೆಲರ್‌ಗೆ ಕನ್ನಡ ಬಾರದಿದ್ದರೆ ನೀವೇ ನಡುವೆ ಕೂತು ಮಾತು ದಾಟಿಸಿ, ಹುಡುಗಿ ಒಪ್ಪಿದರೆ ಮಾತ್ರ.

ಪ್ರಶ್ನೆ: ಅಕ್ಕನ ಮಗಳಿಗೆ ಈ ಮಾತ್ರೆಯಿಂದ ಗುಣವಾಯಿತು. ನನ್ನ ಮಗನೂ ಹಾಗೇ ಮಂಕಾಗಿದ್ದಾನೆ. ಹಳೆಯ ಸ್ಟ್ರಿಪ್ ತೋರಿಸಿ ಅದನ್ನೇ ತಂದು ಕೊಡಬಹುದೇ? (ಉಪ್ಪಳ)

ಉತ್ತರ: ಬೇಡ. ಚೀಟಿಯಿಲ್ಲದೆ ಮಾರುವಂತಿಲ್ಲದ ಮದ್ದು ಇದು. ಥೈರಾಯ್ಡ್, ರಕ್ತಹೀನತೆ, ಶಾಲೆಯಲ್ಲಿ ಯಾರದೋ ಕಾಟ, ಇವೂ ಮಗುವನ್ನು ಮಂಕಾಗಿಸುತ್ತವೆ, ಹಗುರ ಖಿನ್ನತೆಯಾದರೆ ಮಾತಿನ ಚಿಕಿತ್ಸೆಯಿಂದಲೇ ಶುರುಮಾಡುತ್ತಾರೆ. ಮಗನನ್ನು ಕರೆದುಕೊಂಡು ಹೋಗಿ ತೋರಿಸಿ. ಅಕ್ಕನ ಮನೆಯಲ್ಲಿ ಉಳಿದ ಮಾತ್ರೆಗಳಿದ್ದರೆ ಅವನ್ನು ಮೆಡಿಕಲ್ ಶಾಪಿಗೆ ಹಿಂದಿರುಗಿಸಬಹುದೇ ಎಂದು ಕೇಳಿ. ಅಲ್ಲಿಯವರೆಗೆ ಬೀಗದೊಳಗೇ ಇರಲಿ.